ಕೇಳಿದವರಿಗೆ ಇಲ್ಲ, ಕೇಳದವರಿಗೆ ಹೂಂ: ಟಿಎಲ್ಎಸ್ 1.3 ಮಾನಕವಾದ ಬಗೆ

2018ರ ಆಗಸ್ಟ್ ತಿಂಗಳಲ್ಲಿ ಆರ್‌ಎಫ್‌ಸಿ 8446 ಎಂಬ 160 ಪುಟಗಳ ದಾಖಲೆ ಹೊರಬಿತ್ತು. ಇಂಟರ್ನೆಟ್ ಮಾನಕಗಳು ಪ್ರಕಟವಾಗುವ ದಾಖಲೆಗಳ ಸರಣಿಗೆ ಆರ್‌ಎಫ್‌ಸಿ ಎಂದು ಹೆಸರು. ಮೊದಲ ಪುಟದಲ್ಲಿ ಒಂದೇ ಹೆಸರು: ಎರಿಕ್ ರೆಸ್ಕೋರ್ಲಾ, ಆಗ ಮೊಜಿಲ್ಲಾದಲ್ಲಿದ್ದವರು. ಒಳಗಿರುವುದು ಟಿಎಲ್ಎಸ್ 1.3. ಬ್ಯಾಂಕಿನ ಪುಟ ತೆರೆದಾಗ, ರೈಲು ಟಿಕೆಟ್ ಕಾಯ್ದಿರಿಸಿದಾಗ ನಮ್ಮ ಫೋನು ಮತ್ತು ಆಚೆಯ ಸರ್ವರ್ ನಡುವಿನ ಮಾತು ಮೂರನೆಯವರಿಗೆ ಕೇಳದಂತೆ ಮಾಡುವ ಪ್ರೋಟೊಕಾಲ್‌ನ ಹೊಸ ಆವೃತ್ತಿ. ಮೊದಲ ಕರಡು ಬಂದದ್ದು 2014ರ ಏಪ್ರಿಲ್‌ನಲ್ಲಿ, ಕರಡು 28 ಬಂದದ್ದು 2018ರ ಮಾರ್ಚ್‌ನಲ್ಲಿ.

ಈ ನಾಲ್ಕು ವರ್ಷಗಳಲ್ಲಿ ಇಬ್ಬರು ಈ ದಾಖಲೆಯನ್ನು ತಮ್ಮ ಕಡೆಗೆ ಎಳೆದರು. ಮೊದಲನೆಯವರು ಅಮೆರಿಕದ ಬ್ಯಾಂಕುಗಳು. ಅವರು ಬಂದು, ಕಾರಣ ವಿವರಿಸಿ, ಬಾಯಿಬಿಟ್ಟು ಕೇಳಿದರು. ಇನ್ನೊಂದು ಕಡೆ ಇದ್ದದ್ದು ಜಗತ್ತಿನ ಕಚೇರಿ, ಶಾಲೆ, ಟೆಲಿಕಾಂ ಜಾಲಗಳ ನಡುವೆ ಕೂತು ಹಾದುಹೋಗುವ ಸಂಚಾರವನ್ನು ಸೋಸುತ್ತಿದ್ದ ಫೈರ್‌ವಾಲ್, ಪ್ರಾಕ್ಸಿ ಪೆಟ್ಟಿಗೆಗಳು. ಅವು ಏನೂ ಕೇಳಲಿಲ್ಲ, ಹೊಸ ಆವೃತ್ತಿಯ ಸಂಪರ್ಕ ಕಂಡಾಗ ಕತ್ತರಿಸಿಹಾಕಿದವು, ಅಷ್ಟೇ. ಬ್ಯಾಂಕುಗಳಿಗೆ ಸಿಕ್ಕ ಉತ್ತರ 'ಇಲ್ಲ'. ಪೆಟ್ಟಿಗೆಗಳಿಗಾಗಿ ಮಾತ್ರ ಪ್ರೋಟೊಕಾಲ್‌ನ ರೂಪವನ್ನೇ ತಿದ್ದಿದರು. ಇಂಟರ್ನೆಟ್ ಮಾನಕವೊಂದರಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಪ್ರಕರಣ ನನಗೆ ಗೊತ್ತಿಲ್ಲ.

ಕೈ ಎತ್ತದ ಸಭೆ

ಮಾನಕ ಬರೆಯುವ ಸಂಸ್ಥೆ ಐಇಟಿಎಫ್, ಅಂದರೆ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್. 1986ರ ಜನವರಿಯಲ್ಲಿ ಸ್ಯಾನ್ ಡಿಯಾಗೊದಲ್ಲಿ 21 ಜನ ಸೇರಿ ಶುರುವಾದದ್ದು. ಇದಕ್ಕೆ ಸದಸ್ಯತ್ವ ಇಲ್ಲ, ದೇಶಗಳಿಗೆ ಕುರ್ಚಿ ಇಲ್ಲ. ಬಂದವರು ಕಂಪನಿಯ ಸಂಬಳದಲ್ಲೇ ಇದ್ದರೂ ಮಾತಾಡುವುದು ತಮ್ಮ ಹೆಸರಿನಲ್ಲಿ. ಕೆಲಸ ನಡೆಯುವುದು ಬಹುಪಾಲು ಇಮೇಲ್‌ನಲ್ಲಿ. ವರ್ಷಕ್ಕೆ ಮೂರು ಸಲ ಯಾವುದಾದರೂ ಊರಲ್ಲಿ ಮುಖಾಮುಖಿ. "ರಾಜರು, ಅಧ್ಯಕ್ಷರು, ಮತದಾನ ನಮಗೆ ಬೇಡ, ಸ್ಥೂಲ ಸಹಮತ ಮತ್ತು ಓಡುವ ಕೋಡ್ ಸಾಕು" ಎಂದು 1992ರಲ್ಲಿ ಇಂಟರ್ನೆಟ್ ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಕ್ಲಾರ್ಕ್ ಹೇಳಿದ ಮಾತೇ ಇವತ್ತಿಗೂ ಅಲ್ಲಿನ ಸಂವಿಧಾನ. ಮತ ಹಾಕುವುದಿಲ್ಲವಾದ್ದರಿಂದ ಸಭೆಯಲ್ಲಿ ಗುನುಗುತ್ತಾರೆ. "ಪರ ಇರುವವರು ಗುನುಗಿ" ಎಂದರೆ ಹೂಂ ಎಂಬ ದನಿ, "ವಿರೋಧ ಇರುವವರು ಗುನುಗಿ" ಎಂದರೆ ಮತ್ತೆ ಹೂಂ. ಕೇಳಿದವರಿಗೆ ನಗು ಬರಬಹುದು. ಆದರೆ ಒಂದು ಕಂಪನಿ ಐವತ್ತು ಜನರನ್ನು ಕರೆತಂದು ಕೈ ಎತ್ತಿಸುವ ದಾರಿ ಇದರಿಂದ ಮುಚ್ಚುತ್ತದೆ. ಎಷ್ಟು ಜನ ಎಂಬುದಕ್ಕಿಂತ, ಎದ್ದ ಆಕ್ಷೇಪಕ್ಕೆ ಉತ್ತರ ಕೊಟ್ಟಾಯಿತೇ ಎಂಬುದು ಲೆಕ್ಕ.

ಆಯಾ ವಿಷಯದ ಮೇಲೆ ಕೆಲಸ ಮಾಡುವ ವರ್ಕಿಂಗ್ ಗ್ರೂಪ್ ಒಪ್ಪಿದ ಕರಡು ಇಡೀ ಐಇಟಿಎಫ್‌ನ ಕೊನೆಯ ಕರೆಗೆ ಹೋಗುತ್ತದೆ, ಆಮೇಲೆ ಐಇಎಸ್‌ಜಿ ಎಂಬ ಮೇಲ್ತಂಡದ ಒಪ್ಪಿಗೆ, ಆಮೇಲೆ ಸಂಪಾದನೆ, ಕೊನೆಗೆ ಆರ್‌ಎಫ್‌ಸಿ ಸಂಖ್ಯೆ. ಅದನ್ನು ಪಾಲಿಸದವರಿಗೆ ದಂಡ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಹಳೆಯ ಮನೆ ಏಕೆ ಕೆಡವಬೇಕಾಯಿತು

ಟಿಎಲ್ಎಸ್ 1.2 ಬಂದದ್ದು 2008ರಲ್ಲಿ. ಅದರ ಬೇರು ನೆಟ್‌ಸ್ಕೇಪ್ ಕಂಪನಿ 1990ರ ದಶಕದ ನಡುವೆ ಮಾಡಿದ ಎಸ್‌ಎಸ್‌ಎಲ್‌ನಲ್ಲಿದೆ. 2011ರಿಂದಾಚೆ ದಾಳಿಗಳು ಸಾಲುಗಟ್ಟಿ ಬಂದವು: ಬೀಸ್ಟ್, ಕ್ರೈಮ್, ಲಕ್ಕಿ 13, ಪೂಡಲ್, ಫ್ರೀಕ್, ಲಾಗ್‌ಜ್ಯಾಮ್. ಒಂದೊಂದಕ್ಕೂ ತೇಪೆ ಹಾಕುತ್ತಾ ಹೋಗಿದ್ದರು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಿಂದ ಅಮೆರಿಕದ ಗೂಢಚಾರ ಸಂಸ್ಥೆ ಇಂಟರ್ನೆಟ್ ಸಂಚಾರವನ್ನು ಸಗಟಾಗಿ ಹೀರುತ್ತಿರುವುದು ಬಯಲಾದ ಮೇಲೆ ಐಇಟಿಎಫ್‌ನ ಮನಸ್ಥಿತಿಯೇ ಬದಲಾಯಿತು. 2014ರ ಮೇನಲ್ಲಿ ಬಂದ ಆರ್‌ಎಫ್‌ಸಿ 7258, ವ್ಯಾಪಕ ಕಣ್ಗಾವಲು ಒಂದು ದಾಳಿ, ಪ್ರೋಟೊಕಾಲ್ ಬರೆಯುವವರು ಅದನ್ನು ತಡೆಯಲು ನೋಡಬೇಕು ಎಂದು ನೇರವಾಗಿ ಸಾರಿತು. ಮುಂದಿನ ಜಗಳ ಅರ್ಥವಾಗಬೇಕಾದರೆ ಈ ಸಾಲು ನೆನಪಿರಬೇಕು.

ಹೊಸ ಆವೃತ್ತಿಯಲ್ಲಿ ಕಿತ್ತುಹಾಕಿದ್ದರ ಪಟ್ಟಿ ಉದ್ದವಿದೆ. ಇಲ್ಲಿಗೆ ಬೇಕಾದದ್ದು ಒಂದೇ: ಸ್ಥಿರ ಆರ್‌ಎಸ್‌ಎ ಕೀಲಿ ವಿನಿಮಯ. ಹಳೆಯ ಕ್ರಮದಲ್ಲಿ ಬ್ರೌಸರ್ ಒಂದು ರಹಸ್ಯ ಸಂಖ್ಯೆ ಹುಟ್ಟಿಸಿ, ಅದನ್ನು ಸರ್ವರ್‌ನ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಕಳಿಸುತ್ತಿತ್ತು. ಹಾಗೆ ಮುಚ್ಚಿದ್ದನ್ನು ಬಿಚ್ಚಲು ಸರ್ವರ್ ತನ್ನಲ್ಲೇ ಇಟ್ಟುಕೊಂಡ ಖಾಸಗಿ ಕೀಲಿ ಬೇಕು. ಸರ್ವರ್‌ನ ಖಾಸಗಿ ಕೀಲಿ ಕೈಗೆ ಸಿಕ್ಕರೆ ಆ ಸಂಪರ್ಕ ಮಾತ್ರವಲ್ಲ, ಐದು ವರ್ಷ ಹಿಂದೆ ಯಾರೋ ದಾಖಲಿಸಿಟ್ಟುಕೊಂಡ ಸಂಪರ್ಕವೂ ಬಿಚ್ಚಿಕೊಳ್ಳುತ್ತದೆ. 1.3ರಲ್ಲಿ ಇದಕ್ಕೆ ಜಾಗವಿಲ್ಲ. ಪ್ರತಿ ಹೊಸ ಮಾತುಕತೆಗೆ ಎರಡೂ ತುದಿಯವರು ತಾತ್ಕಾಲಿಕ ಕೀಲಿ ಹುಟ್ಟಿಸಿ, ಕೆಲಸ ಮುಗಿದ ಮೇಲೆ ಎಸೆಯುತ್ತಾರೆ. ಸರ್ವರ್‌ನ ಖಾಸಗಿ ಕೀಲಿ ಗುರುತು ಸಾಬೀತುಪಡಿಸಲು ಮಾತ್ರ.

ಇದರ ಜೊತೆಗೆ ವೇಗದ ಆಸೆಯೂ ಇತ್ತು. 1.2ರಲ್ಲಿ ಮಾತು ಶುರುವಾಗುವ ಮುಂಚೆ ಎರಡು ಸುತ್ತು ಹೋಗಿಬರಬೇಕು, 1.3ರಲ್ಲಿ ಒಂದೇ. ಬೆಂಗಳೂರಿನಿಂದ ಅಮೆರಿಕದ ಪಶ್ಚಿಮ ಕರಾವಳಿಯ ಸರ್ವರ್‌ಗೆ ಒಂದು ಸುತ್ತು ಎಂದರೆ ಹೆಚ್ಚುಕಡಿಮೆ ಕಾಲು ಸೆಕೆಂಡು. ಬ್ರೌಸರ್ ಕಂಪನಿಗಳ ಉತ್ಸಾಹಕ್ಕೆ ಕಾರಣ ಬರೀ ಖಾಸಗಿತನವಲ್ಲ ಎಂದು ನಾನು ಊಹಿಸುವುದು ಇದರಿಂದಲೇ.

ಇನ್ನೊಂದು ಹೊಸ ಪದ್ಧತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಹಿಂದಿನ ಆವೃತ್ತಿಗಳನ್ನು ಮೊದಲು ಪ್ರಕಟಿಸಿ, ಆಮೇಲೆ ಸಂಶೋಧಕರು ಒಡೆದು, ಆಮೇಲೆ ರಿಪೇರಿ ಮಾಡುತ್ತಿದ್ದರು. ಈ ಸಲ ಒಡೆಯುವವರನ್ನು ಕರಡಿನ ಹಂತದಲ್ಲೇ ಕರೆದರು. 2016ರ ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೊದಲ್ಲಿ ಇದಕ್ಕಾಗಿಯೇ ಕಾರ್ಯಾಗಾರ ನಡೆಯಿತು. ಟ್ಯಾಮರಿನ್ ಎಂಬ ಸಾಧನದಿಂದ ಕರಡನ್ನು ಗಣಿತದ ಮಾದರಿಯಾಗಿ ಪರೀಕ್ಷಿಸಿದ ತಂಡವೊಂದು, ಆಗ ಸೇರಿಸಲು ಹೊರಟಿದ್ದ ತಡವಾದ ಕ್ಲೈಂಟ್ ದೃಢೀಕರಣದಲ್ಲಿ, ಅಂದರೆ ಸಂಪರ್ಕ ಶುರುವಾದ ಮೇಲೆ ಬಳಕೆದಾರನ ಗುರುತು ಕೇಳುವ ಕ್ರಮದಲ್ಲಿ, ಬಿರುಕು ಕಂಡುಹಿಡಿಯಿತು. ದಾಳಿಕೋರ ಬಳಕೆದಾರನ ವೇಷ ಹಾಕಬಹುದಿತ್ತು. ಅದು ಜನರ ಫೋನಿಗೆ ಬರುವ ಮುಂಚೆಯೇ ಮುಚ್ಚಿಹೋಯಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದೇ, ಆದರೆ ಜಗಳವಿಲ್ಲದ್ದರಿಂದ ಇದರ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ.

ಬ್ಯಾಂಕುಗಳ ಪತ್ರ

2016ರ ಸೆಪ್ಟೆಂಬರ್‌ನಲ್ಲಿ, ಕರಡು 15ರ ಹೊತ್ತಿಗೆ, ಅಮೆರಿಕದ ಹಣಕಾಸು ಸಂಸ್ಥೆಗಳ ಒಕ್ಕೂಟದ ತಂತ್ರಜ್ಞಾನ ಶಾಖೆ ಬಿಟ್ಸ್ ಕಡೆಯಿಂದ ವರ್ಕಿಂಗ್ ಗ್ರೂಪ್‌ಗೆ ಪತ್ರ ಬಂತು. ಸ್ಥಿರ ಆರ್‌ಎಸ್‌ಎ ತೆಗೆಯಬೇಡಿ, ನಮ್ಮ ಕೆಲಸ ನಿಲ್ಲುತ್ತದೆ ಎಂಬುದು ಸಾರ.

ಅವರ ಕಷ್ಟ ಸುಳ್ಳಲ್ಲ. ದೊಡ್ಡ ಬ್ಯಾಂಕಿನ ಡೇಟಾ ಸೆಂಟರ್‌ನಲ್ಲಿ ಒಂದು ವಹಿವಾಟು ಹತ್ತಾರು ಸರ್ವರ್ ಹಾಯ್ದು ಹೋಗುತ್ತದೆ, ಒಳಗಿನ ಸಂಚಾರವೂ ಟಿಎಲ್ಎಸ್‌ನಲ್ಲಿ ಮುಚ್ಚಿರುತ್ತದೆ. ವಂಚನೆ ಪತ್ತೆಗೆ, ತೊಡಕು ಹುಡುಕಲು, ನಿಯಂತ್ರಕರಿಗೆ ಲೆಕ್ಕ ಕೊಡಲು ಅವರು ಸರ್ವರ್‌ಗಳ ಖಾಸಗಿ ಕೀಲಿಯ ಒಂದು ಪ್ರತಿಯನ್ನು ನಿಗಾ ಸಾಧನಗಳಿಗೆ ಕೊಟ್ಟಿದ್ದರು. ಆ ಸಾಧನಗಳು ಸಂಪರ್ಕದ ನಡುವೆ ಬರದೆ, ಪಕ್ಕದಲ್ಲಿ ನಿಂತು ಎಲ್ಲವನ್ನೂ ಓದುತ್ತಿದ್ದವು. ಸ್ಥಿರ ಆರ್‌ಎಸ್‌ಎ ಇದ್ದರೆ ಮಾತ್ರ ಈ ವ್ಯವಸ್ಥೆ ನಡೆಯುವುದು. 1.3 ಬಂದ ದಿನ ಅವು ಕುರುಡಾಗುತ್ತವೆ.

ಉತ್ತರ ಕೊಟ್ಟವರಲ್ಲಿ ಒಬ್ಬರು ಕೆನ್ನಿ ಪ್ಯಾಟರ್ಸನ್, ಆಗ ಲಂಡನ್‌ನ ರಾಯಲ್ ಹಾಲೊವೇಯಲ್ಲಿದ್ದ ಕ್ರಿಪ್ಟೊಗ್ರಫಿ ಪ್ರಾಧ್ಯಾಪಕ. ನಿಮ್ಮ ಕೋರಿಕೆಗೆ ನನ್ನ ಉತ್ತರ 'ಇಲ್ಲ' ಎಂದು ಮೊದಲ ಸಾಲಿನಲ್ಲೇ ಬರೆದರು. ನಾವು ಇನ್ನಷ್ಟು ಸುರಕ್ಷಿತ ಇಂಟರ್ನೆಟ್ ಕಟ್ಟಲು ಹೊರಟಿದ್ದೇವೆ ಎಂದು ಕಾರಣ ಕೊಟ್ಟು, ನೀವು ಬಂದದ್ದು ಪಾರ್ಟಿ ಮುಗಿದು ಆಶ್‌ಟ್ರೇ ಖಾಲಿ ಮಾಡುವ ಹೊತ್ತಿಗೆ, ಆರ್‌ಎಸ್‌ಎ ಕೈಬಿಟ್ಟು ಹನ್ನೆರಡು ಕರಡುಗಳೇ ಆಗಿವೆ ಎಂದು ಚುಚ್ಚಿದರು. ಬೇಕಿದ್ದರೆ 1.2ರಲ್ಲೇ ಇರಿ ಎಂಬುದು ಆ ಗುಂಪಿನ ಹಲವರ ಸಲಹೆಯಾಗಿತ್ತು.

ತಡವಾಗಿ ಬಂದರು ಎಂಬುದು ನಿಜ. ಎರಡು ವರ್ಷದಿಂದ ಎಲ್ಲ ಚರ್ಚೆಯೂ ಬಯಲಲ್ಲೇ ನಡೆದಿತ್ತು, ಯಾರು ಬೇಕಾದರೂ ಬರಬಹುದಿತ್ತು. ಆದರೂ ಈ 'ಯಾರು ಬೇಕಾದರೂ' ಎಂಬುದನ್ನು ನಾನು ಪೂರ್ತಿ ಒಪ್ಪುವವನಲ್ಲ. ಕರಡಿನ ಒಂದೊಂದು ಸಾಲಿನ ಮೇಲೆ ತಿಂಗಳುಗಟ್ಟಲೆ ವಾದಿಸಲು ಸಂಬಳ ಕೊಟ್ಟು ಕಳಿಸುವವರು ಕೆಲವೇ ಕಂಪನಿಗಳು: ಗೂಗಲ್, ಮೊಜಿಲ್ಲಾ, ಕ್ಲೌಡ್‌ಫ್ಲೇರ್, ಫೇಸ್‌ಬುಕ್, ಅಕಾಮೈ, ಆ್ಯಪಲ್, ಮೈಕ್ರೊಸಾಫ್ಟ್. ಅವರ ಜೊತೆಗೆ ಒಂದಷ್ಟು ವಿಶ್ವವಿದ್ಯಾಲಯದವರು. ಈ ಪ್ರೋಟೊಕಾಲ್ ಮೇಲೆ ನಿಂತ ಕೋಡ್ ಬರೆಯುವವರು ಬೆಂಗಳೂರಿನಲ್ಲೇ ಸಾವಿರಾರು ಇದ್ದಾರೆ. ಪಠ್ಯದ ಬಗ್ಗೆ ವಾದಿಸಿದವರಲ್ಲಿ ಹೆಚ್ಚಿನವರು ಅಮೆರಿಕ, ಯುರೋಪಿನವರು. ಬಾಗಿಲು ತೆರೆದಿದೆ ನಿಜ, ಒಳಗೆ ಬರಲು ಬೇಕಾದದ್ದು ಬಿಡುವು.

ಮಾತು ಅಲ್ಲಿಗೇ ಮುಗಿಯಲಿಲ್ಲ. 2017ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗ್ರೀನ್ ಮತ್ತು ಇತರರು ನಡುದಾರಿಯೊಂದನ್ನು ಮುಂದಿಟ್ಟರು. ಡೇಟಾ ಸೆಂಟರ್ ಒಳಗೆ ಸರ್ವರ್ ತನ್ನ 'ತಾತ್ಕಾಲಿಕ' ಕೀಲಿಯನ್ನೇ ಎಸೆಯದೆ ಇಟ್ಟುಕೊಂಡು ನಿಗಾ ಸಾಧನಕ್ಕೆ ಕೊಡಬಹುದು ಎಂಬ ಯೋಜನೆ. ಜುಲೈನಲ್ಲಿ ಪ್ರಾಗ್ ಸಭೆಯಲ್ಲಿ ಇದರ ಮೇಲೆ ಕಾವೇರಿದ ಚರ್ಚೆ ನಡೆದು, ಗುನುಗು ಎರಡೂ ಕಡೆ ಕೇಳಿಬಂದು, ಸಹಮತ ಇಲ್ಲ ಎಂದಾಯಿತು. 2018ರ ಮಾರ್ಚ್‌ನಲ್ಲಿ ಲಂಡನ್‌ನಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. ಈ ಸಲ ಸಂಪರ್ಕ ಗೋಚರವಾಗಲು ಬ್ರೌಸರ್ ಕಡೆಯವರ ಒಪ್ಪಿಗೆಯೂ ಬೇಕು ಎಂಬ ಷರತ್ತಿತ್ತು. ಮತ್ತೆ ಸಹಮತ ಇಲ್ಲ. ವಿರೋಧಿಗಳ ವಾದ ಸರಳ: ಇವತ್ತು ಬ್ಯಾಂಕಿನ ಒಳಗೆ ಬಳಸುವ ಗುಂಡಿಯನ್ನು ನಾಳೆ ಸರ್ಕಾರವೊಂದು ದೇಶದ ಗಡಿಯಲ್ಲಿ ಒತ್ತಿಸಬಹುದು.

ಬ್ಯಾಂಕುಗಳು ಮತ್ತು ಅವುಗಳಿಗೆ ಸಾಧನ ಮಾರುವವರು ಬೇರೆ ಬಾಗಿಲು ತಟ್ಟಿದರು. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆ ಇಟಿಎಸ್‌ಐ 2018ರ ನವೆಂಬರ್‌ನಲ್ಲಿ ಇಟಿಎಲ್ಎಸ್ ಎಂಬ ತನ್ನದೇ ಮಾನಕ ಹೊರತಂದಿತು. ಟಿಎಲ್ಎಸ್ ಹೆಸರು ಸೇರಿಸಿದ್ದಕ್ಕೆ ಐಇಟಿಎಫ್ ಆಕ್ಷೇಪಿಸಿತು, ಆಮೇಲೆ ಹೆಸರು ಇಟಿಎಸ್ ಎಂದು ಬದಲಾಯಿತು. ಯಾವ ದೊಡ್ಡ ಬ್ರೌಸರೂ ಅದರತ್ತ ತಿರುಗಿ ನೋಡಲಿಲ್ಲ.

ಮಾತಾಡದ ಪೆಟ್ಟಿಗೆಗಳು

ಈಗ ಇನ್ನೊಂದು ಕಡೆ. ಟಿಎಲ್ಎಸ್‌ನಲ್ಲಿ ಆವೃತ್ತಿ ಗೊತ್ತುಮಾಡುವ ನಿಯಮ ಮೊದಲಿನಿಂದ ಒಂದೇ: ಬ್ರೌಸರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯ ಸಂಖ್ಯೆ ಹೇಳಬೇಕು, ಸರ್ವರ್‌ಗೆ ಅದು ಗೊತ್ತಿಲ್ಲದಿದ್ದರೆ ತನಗೆ ಗೊತ್ತಿರುವ ಹಳೆಯದನ್ನು ಆರಿಸಿ ಉತ್ತರಿಸಬೇಕು. ಕಾಗದದ ಮೇಲೆ ಚೆನ್ನಾಗಿದೆ. ಎಂಟು ವರ್ಷ ಹೊಸ ಆವೃತ್ತಿ ಬಾರದೇ ಇದ್ದಾಗ, ಬಳಸದ ಬಾವಿಯ ರಾಟೆಯಂತೆ ಈ ನಿಯಮಕ್ಕೂ ತುಕ್ಕು ಹಿಡಿದಿತ್ತು. ಪರೀಕ್ಷಿಸಿ ನೋಡಿದಾಗ, 1.3 ಎಂದು ಹೇಳಿದ ಮಾತ್ರಕ್ಕೆ ಸಂಪರ್ಕ ಕತ್ತರಿಸುವ ಸರ್ವರ್‌ಗಳು ಶೇಕಡಾ 3ರ ಆಸುಪಾಸು ಸಿಕ್ಕವು. ಶೇಕಡಾ 3 ಕಡಿಮೆ ಅನ್ನಿಸಬಹುದು. ಆದರೆ ಬ್ರೌಸರ್ ಅಪ್‌ಡೇಟ್ ಮಾಡಿದ ಮೇಲೆ ನೂರರಲ್ಲಿ ಮೂರು ತಾಣ ತೆರೆಯದಿದ್ದರೆ ಬಳಕೆದಾರ ಸರ್ವರ್ ಮಾಲೀಕನನ್ನು ಬೈಯುವುದಿಲ್ಲ, ಬ್ರೌಸರ್ ಬದಲಿಸುತ್ತಾನೆ. ಹಿಂದೆ ಇಂಥದ್ದಾದಾಗ ಬ್ರೌಸರ್‌ಗಳು ಹಳೆಯ ಆವೃತ್ತಿ ಹಿಡಿದು ಮತ್ತೆ ಪ್ರಯತ್ನಿಸುತ್ತಿದ್ದವು; 2014ರ ಪೂಡಲ್ ದಾಳಿ ನುಗ್ಗಿದ್ದು ಆ ಸಂದಿನಲ್ಲೇ. ಆ ದಾರಿಗೆ ಮರಳುವಂತಿರಲಿಲ್ಲ.

ಹಾಗಾಗಿ 2016ರಲ್ಲಿ ಕರಡಿನಲ್ಲಿ ಒಂದು ತಂತ್ರ ಸೇರಿತು. ಆವೃತ್ತಿಯ ಹಳೆಯ ಜಾಗದಲ್ಲಿ 1.2ರ ಸಂಖ್ಯೆಯನ್ನೇ ಬಿಟ್ಟು, ನಿಜವಾದ ಆವೃತ್ತಿಯನ್ನು ವಿಸ್ತರಣೆ ಎಂಬ ಬೇರೆ ಖಾನೆಯಲ್ಲಿ ಹೇಳುವುದು. ಗೊತ್ತಿಲ್ಲದ ವಿಸ್ತರಣೆಯನ್ನು ಕಡೆಗಣಿಸುವುದು ಸರ್ವರ್‌ಗಳಿಗೆ ಇನ್ನೂ ಅಭ್ಯಾಸವಿತ್ತು. ಅಂದಿನಿಂದ ಇಂದಿನವರೆಗೆ ಪ್ರತಿ 1.3 ಸಂಪರ್ಕವೂ ತಾನು 1.2 ಎಂದು ಹೇಳಿಕೊಂಡೇ ಶುರುವಾಗುತ್ತದೆ.

ಸರ್ವರ್‌ಗಳ ಕಾಟ ಮುಗಿಯಿತು, ಪೆಟ್ಟಿಗೆಗಳದ್ದು ಶುರುವಾಯಿತು. 2017ರ ಆರಂಭದಲ್ಲಿ ಗೂಗಲ್ ಕ್ರೋಮ್ 56ರಲ್ಲಿ 1.3ರ ಕರಡನ್ನು ಚಾಲೂ ಮಾಡಿತು. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಶಾಲೆಗಳಲ್ಲಿ ಗೂಗಲ್ ತಂತ್ರಾಂಶದಲ್ಲಿ ನಡೆಯುವ ಸಾವಿರಾರು ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳು ಕೈಕೊಟ್ಟವು. ಶಾಲಾ ಜಾಲಗಳಲ್ಲಿ ಮಕ್ಕಳು ಏನು ನೋಡುತ್ತಾರೆ ಎಂದು ಸೋಸಲು ಇಟ್ಟಿದ್ದ ಬ್ಲೂ ಕೋಟ್ ಪ್ರಾಕ್ಸಿಗಳು 1.3 ಕಂಡ ಕೂಡಲೇ ಸಂಪರ್ಕ ಕಡಿಯುತ್ತಿದ್ದವು. ತಪ್ಪು ಯಾರದು ಎಂಬುದರಲ್ಲಿ ಅನುಮಾನವಿರಲಿಲ್ಲ. ಸರಿಯಾಗಿ ಬರೆದ ಪ್ರಾಕ್ಸಿ ಹಳೆಯ ಆವೃತ್ತಿಗೆ ಇಳಿಯಬೇಕಿತ್ತು, ಹಾಗೆಂದು ಕ್ರೋಮ್ ತಂಡವೂ ಹೇಳಿತು. ಹೇಳಿ, 1.3 ಅನ್ನು ಆಫ್ ಮಾಡಿತು. ಮರುದಿನ ಪಾಠ ನಡೆಯಬೇಕಲ್ಲ.

ನಮ್ಮವರಿಗೂ ಇಂಥ ಪೆಟ್ಟಿಗೆ ಹೊಸದಲ್ಲ. ಬೆಂಗಳೂರಿನ ಹಲವು ಐಟಿ ಕಂಪನಿಗಳ ಲ್ಯಾಪ್‌ಟಾಪ್‌ನಲ್ಲಿ ಯಾವುದಾದರೂ ತಾಣದ ಪ್ರಮಾಣಪತ್ರ ತೆರೆದು ನೋಡಿ, ಕೊಟ್ಟವರ ಜಾಗದಲ್ಲಿ ಕಂಪನಿಯ ಹೆಸರೇ ಕಾಣಬಹುದು. ನಡುವೆ ಪ್ರಾಕ್ಸಿ ಕೂತು ಎಲ್ಲವನ್ನೂ ಬಿಚ್ಚಿ, ನೋಡಿ, ಮತ್ತೆ ಮುಚ್ಚಿ ಕಳಿಸುತ್ತಿದೆ ಎಂದರ್ಥ.

ಇನ್ನೂ ಕಷ್ಟದ ಪೆಟ್ಟಿಗೆಗಳು ಬಿಚ್ಚದೆ ಬರೀ ಇಣುಕುವವು. ಸರ್ವರ್‌ನ ಮೊದಲ ಉತ್ತರದ ಆಕಾರ ತಮಗೆ ಪರಿಚಿತವಾದ ಹಾಗಿಲ್ಲದಿದ್ದರೆ ಇದೇನೋ ಕಳ್ಳಸಾಗಣೆ ಎಂದುಕೊಂಡು ತಡೆಯುತ್ತಿದ್ದವು. ಕರಡಿನಲ್ಲಿ ಆ ಉತ್ತರದಿಂದ ಬೇಡದ ಖಾನೆಗಳನ್ನು ತೆಗೆದು ಚೊಕ್ಕ ಮಾಡಿದ್ದೇ ಮುಳುವಾಯಿತು. ಇಂಥ ಪೆಟ್ಟಿಗೆ ಎಲ್ಲಿವೆ, ಯಾರು ಮಾರಿದ್ದು, ಮಾಲೀಕ ಯಾರು ಎಂಬ ಪಟ್ಟಿ ಯಾರ ಬಳಿಯೂ ಇಲ್ಲ. 2017ರ ಬಹುಪಾಲು ಕ್ರೋಮ್, ಫೈರ್‌ಫಾಕ್ಸ್, ಫೇಸ್‌ಬುಕ್ ತಂಡಗಳು ಉತ್ತರದ ಆಕಾರವನ್ನು ಒಂದೊಂದು ರೀತಿ ಬದಲಿಸಿ, ನಿಜವಾದ ಬಳಕೆದಾರರ ನಡುವೆ ಯಾವುದು ಎಷ್ಟು ಕಡಿತಗೊಳ್ಳುತ್ತದೆ ಎಂದು ಅಳೆಯುತ್ತಾ ಕಳೆದವು.

ಗೆದ್ದ ಆಕಾರ ನವೆಂಬರ್‌ನ ಕರಡು 22ಕ್ಕೆ ಸೇರಿತು. ತೆಗೆದ ಖಾನೆಗಳನ್ನು ಮತ್ತೆ ತಂದರು. ಇಡೀ ಮಾತುಕತೆ, 1.2ರಲ್ಲಿ ಹಳೆಯ ಸಂಪರ್ಕವೊಂದನ್ನು ಮುಂದುವರಿಸುವ ಹಾಗೆ ಹೊರಗಿನಿಂದ ಕಾಣುತ್ತದೆ. 'ಸೈಫರ್ ಬದಲಾಯಿಸಿದೆ' ಎಂಬ ಒಂದು ಸಂದೇಶವನ್ನು ಎರಡೂ ಕಡೆಯವರು ಕಳಿಸುತ್ತಾರೆ. ಅದಕ್ಕೆ 1.3ರಲ್ಲಿ ಯಾವ ಅರ್ಥವೂ ಇಲ್ಲ, ಸ್ವೀಕರಿಸಿದವರು ಎಸೆಯಬೇಕು. ಅದು ಇರುವುದೇ ನಡುವಿನ ಪೆಟ್ಟಿಗೆ ನೋಡಿ ಸಮಾಧಾನಪಡಲಿ ಎಂದು. ಇದಾದ ಮೇಲೆ 1.3ರ ವೈಫಲ್ಯದ ಪ್ರಮಾಣ 1.2ರ ಮಟ್ಟಕ್ಕೆ ಇಳಿಯಿತು.

ಅಂದವಾದ ಪ್ರೋಟೊಕಾಲ್ ಬರೆಯಬೇಕೆಂದು ಕೂತವರಿಗೆ ಇದು ನುಂಗಲಾರದ ತುತ್ತು. ಆದರೂ ಇಬ್ಬರನ್ನು ಬೇರೆಬೇರೆಯಾಗಿ ಕಂಡದ್ದರಲ್ಲಿ ನ್ಯಾಯವಿದೆ ಎಂದೇ ನನ್ನ ತೀರ್ಮಾನ. ಪೆಟ್ಟಿಗೆಗಳಿಗೆ ಕೊಟ್ಟದ್ದು ವೇಷ ಮಾತ್ರ, ಅದರಿಂದ ಯಾರ ಕೀಲಿಯೂ ಸಡಿಲವಾಗಲಿಲ್ಲ. ಬ್ಯಾಂಕುಗಳು ಕೇಳಿದ್ದು ಕೀಲಿಯನ್ನೇ. ಆದರೆ ಪೆಟ್ಟಿಗೆಗಳು ಗೆದ್ದದ್ದು ನ್ಯಾಯದಿಂದ ಎಂದುಕೊಳ್ಳುವ ಹಾಗಿಲ್ಲ. ಅವು ಗೆದ್ದದ್ದು ಅವುಗಳ ಹಿಂದೆ ಕೂತವರು ಬ್ರೌಸರ್ ಬಳಕೆದಾರರಾಗಿದ್ದರಿಂದ. ಬ್ಯಾಂಕಿನ ನಿಗಾ ಸಾಧನ ಕುರುಡಾದರೆ ಕ್ರೋಮ್‌ಗೆ ನಷ್ಟವಿಲ್ಲ. ಶಾಲೆಯ ಪ್ರಾಕ್ಸಿ ಮುನಿದರೆ ಇದೆ. ಓಡುವ ಕೋಡ್ ಎಂದು ಕ್ಲಾರ್ಕ್ ಹೇಳಿದ್ದರಲ್ಲಿ, ಕೆಟ್ಟದಾಗಿ ಓಡುವ ಕೋಡೂ ಸೇರಿದೆ.

ಒಪ್ಪಿಗೆಯಿಂದ ಬಳಕೆಗೆ

2018ರ ಮಾರ್ಚ್‌ನಲ್ಲಿ ಐಇಎಸ್‌ಜಿ ಒಪ್ಪಿತು, ಆಗಸ್ಟ್‌ನಲ್ಲಿ ಪ್ರಕಟವಾಯಿತು. ಅದೇ ತಿಂಗಳು ಫೇಸ್‌ಬುಕ್ ತನ್ನ ಇಂಟರ್ನೆಟ್ ಸಂಚಾರದ ಅರ್ಧಕ್ಕಿಂತ ಹೆಚ್ಚು ಆಗಲೇ 1.3ರಲ್ಲಿದೆ ಎಂದಿತು. 1.3 ಹೊತ್ತು ಸೆಪ್ಟೆಂಬರ್ 11ಕ್ಕೆ ಸರ್ವರ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.1.1 ಬಂತು, ಅಕ್ಟೋಬರ್‌ನಲ್ಲಿ ಕ್ರೋಮ್ 70 ಮತ್ತು ಫೈರ್‌ಫಾಕ್ಸ್ 63.

ಈ ವೇಗ ಸಾಮಾನ್ಯವಲ್ಲ. ಇಂಟರ್ನೆಟ್ ವಿಳಾಸಗಳ ಹೊಸ ವ್ಯವಸ್ಥೆಯಾದ ಐಪಿವಿ6ರ ಮೊದಲ ಮಾನಕ 1995ರ ಡಿಸೆಂಬರ್‌ನದು, ಜಗತ್ತು ಇನ್ನೂ ಪೂರ್ತಿ ಅದಕ್ಕೆ ದಾಟಿಲ್ಲ. ಅದಕ್ಕೆ ದಾರಿಯ ಪ್ರತಿಯೊಬ್ಬರೂ ಬದಲಾಗಬೇಕು, ಬದಲಾದವನಿಗೆ ತಕ್ಷಣದ ಲಾಭವಿಲ್ಲ. ಭಾರತದಲ್ಲಿ ಅದು ಜಿಗಿದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಹೊಸದಾಗಿ ಜಾಲ ಕಟ್ಟಿಕೊಂಡು ಬಂದ ಮೇಲೆ. ಟಿಎಲ್ಎಸ್‌ಗೆ ಎರಡು ತುದಿ ಒಪ್ಪಿದರೆ ಸಾಕು, ಒಂದು ತುದಿ ನಾಲ್ಕು ಬ್ರೌಸರ್ ಕಂಪನಿಗಳ ಕೈಯಲ್ಲಿದೆ.

ಹಳೆಯದನ್ನು ಹೂಳುವುದು ನಿಧಾನವಾಯಿತು. 2018ರ ಅಕ್ಟೋಬರ್‌ನಲ್ಲಿ ಆ ನಾಲ್ಕೂ ಕಂಪನಿಗಳು 1.0 ಮತ್ತು 1.1 ಅನ್ನು 2020ರ ಆರಂಭದಲ್ಲಿ ನಿಲ್ಲಿಸುತ್ತೇವೆ ಎಂದು ಒಟ್ಟಿಗೆ ಸಾರಿದವು. ಆ ಹೊತ್ತಿಗೆ ಕೋವಿಡ್ ಬಂತು. ಸೋಂಕಿನ ಮಾಹಿತಿ ಕೊಡುವ ಸರ್ಕಾರಿ ತಾಣಗಳೇ ಹಳೆಯ ಆವೃತ್ತಿಯಲ್ಲಿದ್ದುದರಿಂದ ಫೈರ್‌ಫಾಕ್ಸ್ ತೆಗೆದದ್ದನ್ನು ಕೆಲಕಾಲ ಮತ್ತೆ ಹಾಕಿತು. ಐಇಟಿಎಫ್ ಅವೆರಡನ್ನೂ ವಿಧಿವತ್ತಾಗಿ ಕೈಬಿಟ್ಟದ್ದು 2021ರ ಮಾರ್ಚ್‌ನಲ್ಲಿ.

ಪೆಟ್ಟಿಗೆಗಳ ಪಾಠದಿಂದ ಎರಡು ಸಂಗತಿ ಹುಟ್ಟಿದವು. ಒಂದು ಗ್ರೀಸ್, ಗೂಗಲ್‌ನ ಡೇವಿಡ್ ಬೆಂಜಮಿನ್ ಬರೆದ ಆರ್‌ಎಫ್‌ಸಿ 8701. ಬ್ರೌಸರ್ ಬೇಕೆಂದೇ ಅರ್ಥವಿಲ್ಲದ ವಿಸ್ತರಣೆ ಸಂಖ್ಯೆಗಳನ್ನು ಪ್ರತಿ ಸಂಪರ್ಕದಲ್ಲೂ ಎಸೆಯುತ್ತಿರುತ್ತದೆ. ಗೊತ್ತಿಲ್ಲದ್ದನ್ನು ಕಂಡು ಬೆಚ್ಚುವ ಪೆಟ್ಟಿಗೆ ಮಾರುಕಟ್ಟೆಗೆ ಬರುವ ಮೊದಲೇ ತಯಾರಕನ ಮೇಜಿನ ಮೇಲೆ ಕೆಡುತ್ತದೆ. ಇನ್ನೊಂದು 2021ರ ಮೇನಲ್ಲಿ ಮಾನಕವಾದ ಕ್ವಿಕ್, ಇಂಟರ್ನೆಟ್‌ನಲ್ಲಿ ಮಾಹಿತಿ ಸಾಗಿಸುವ ಹೊಸ ಪ್ರೋಟೊಕಾಲ್. ಅದರ ಒಳಗೂ 1.3ರ ಮಾತುಕತೆಯೇ ಇದೆ, ಆದರೆ ಹೊರಗಿನವರಿಗೆ ಕಾಣುವ ಭಾಗ ಅತಿ ಕಡಿಮೆ. ಅಲ್ಲಿ ಕರಡು 22ರ ವೇಷ ಹಾಕುವುದನ್ನು ನಿಷೇಧಿಸಿದ್ದಾರೆ.

2024ರ ಏಪ್ರಿಲ್‌ನಲ್ಲಿ ಕ್ರೋಮ್ 124, ಕ್ವಾಂಟಂ ಕಂಪ್ಯೂಟರ್‌ಗೆ ಜಗ್ಗದ ಹೊಸ ಕೀಲಿ ವಿನಿಮಯವನ್ನು ಡೆಸ್ಕ್‌ಟಾಪ್‌ಗಳಲ್ಲಿ ಚಾಲೂ ಮಾಡಿತು. ಕೀಲಿ ದೊಡ್ಡದಾದ್ದರಿಂದ ಬ್ರೌಸರ್‌ನ ಮೊದಲ ಸಂದೇಶ ಒಂದು ಪ್ಯಾಕೆಟ್‌ಗೆ ಹಿಡಿಯದೆ ಎರಡಾಗಿ ಹೋಗತೊಡಗಿತು. ಮೊದಲ ಸಂದೇಶ ಒಂದೇ ತುಂಡಾಗಿ ಬರುತ್ತದೆ ಎಂದು ನಂಬಿಕೊಂಡಿದ್ದ ಸರ್ವರ್‌ಗಳು, ಪೆಟ್ಟಿಗೆಗಳು ಮತ್ತೆ ಸಂಪರ್ಕ ಕಡಿದವು. ಈ ಸಲ ಕ್ರೋಮ್ ಹಿಂದೆ ಸರಿಯಲಿಲ್ಲ. ಕಂಪನಿಗಳ ಜಾಲ ನೋಡಿಕೊಳ್ಳುವವರಿಗೆ ಅದನ್ನು ಆಫ್ ಮಾಡಿಕೊಳ್ಳುವ ಒಂದು ಸೆಟ್ಟಿಂಗ್ ಕೊಟ್ಟು, ಇದು ತಾತ್ಕಾಲಿಕ, ಮುಂದೆ ತೆಗೆಯುತ್ತೇವೆ, ಅಷ್ಟರಲ್ಲಿ ನಿಮಗೆ ಸಾಧನ ಮಾರಿದವರಿಂದ ರಿಪೇರಿ ಮಾಡಿಸಿಕೊಳ್ಳಿ ಎಂದಿತು.